ಈ ಭಾನುವಾರದಿಂದ ಕೆರೆ ನಕ್ಷೆ ಕೆಲಸ ಕ್ಯೂಜಿಐಎಸ್‌ನಲ್ಲಿ

ಎಲ್ಲರಿಗೂ ನಮಸ್ಕಾರ. ತುಮಕೂರು ಸುತ್ತಲಿನ ಕೆರೆಗಳ ಗಡಿ ಗುರುತಿಸುವ ಕೆಲಸವನ್ನು ಈ ಭಾನುವಾರದಿಂದ ಕ್ಯೂಜಿಐಎಸ್ (QGIS) ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲೇ ಮಾಡೋಣ. ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸ್ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇದ್ದುದರಿಂದ ಉಳಿದವರೆಲ್ಲ ಸುಮ್ನೆ ಕಾಯಬೇಕಾಗಿತ್ತು, ಅಲ್ವಾ? ಕ್ಯೂಜಿಐಎಸ್ ಪೂರ್ತಿ ಉಚಿತ. 2002ರಲ್ಲಿ ಶುರುವಾದದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಶನಿವಾರ ರಾತ್ರಿಯೊಳಗೆ ಇನ್‌ಸ್ಟಾಲ್ ಮಾಡಿಕೊಳ್ಳಿ. ಎಲ್ಲರೂ ಲಾಂಗ್ ಟರ್ಮ್ (LTR, ಹೆಚ್ಚು ಕಾಲ ದುರಸ್ತಿ ಸಿಗುವ) ಆವೃತ್ತಿಯನ್ನೇ ಹಾಕಿ, ಹೊಸದಕ್ಕಿಂತ ಅದರಲ್ಲಿ ತೊಂದರೆ ಕಡಿಮೆ. ಫೈಲ್ ದೊಡ್ಡದು, ವೈಫೈ ಇರುವಾಗ ಇಳಿಸಿಕೊಳ್ಳಿ.

ಪ್ರಾಜೆಕ್ಟ್ ತೆರೆದ ತಕ್ಷಣ ಸಿಆರ್‌ಎಸ್ (CRS, ನಕ್ಷೆಯಲ್ಲಿ ಜಾಗ ಗುರುತಿಸುವ ಅಳತೆಯ ಪದ್ಧತಿ) ಅನ್ನು ಇಪಿಎಸ್‌ಜಿ 32643 (EPSG:32643) ಅನ್ನುವ ಕೋಡ್‌ಗೆ ಇಡಿ. ನಮ್ಮ ಭಾಗಕ್ಕೆ ಹೊಂದುವುದು ಅದೇ, ಅಳತೆ ಮೀಟರ್‌ನಲ್ಲಿ ಸಿಗುತ್ತದೆ.

ಇನ್ನೊಂದು ಮುಖ್ಯ ಮಾತು. ನಕ್ಷೆಯ ಮಾಹಿತಿ ಉಳಿಸುವಾಗ ಶೇಪ್‌ಫೈಲ್ ಅನ್ನುವ ಹಳೆಯ ಫೈಲ್ ಬಗೆ ಬೇಡ, ಎಲ್ಲವೂ ಒಂದೇ ಫೈಲ್‌ನಲ್ಲಿರುವ ಜಿಯೋಪ್ಯಾಕೇಜ್ ಆಗಿ ಉಳಿಸಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು ತುಂಡಾಗುತ್ತದೆ, ಕನ್ನಡದಲ್ಲಿ ಬರೆದ ಕೆರೆ ಹೆಸರುಗಳು ಎಷ್ಟೋ ಸಲ ಪ್ರಶ್ನೆ ಚಿಹ್ನೆಗಳಾಗಿ ಬಿಡುತ್ತವೆ, ಜೊತೆಗೆ ಕಳಿಸುವಾಗ ಅದರ ನಾಲ್ಕೈದು ಫೈಲ್‌ಗಳಲ್ಲಿ ಒಂದು ತಪ್ಪಿದರೂ ಕಷ್ಟ. ಊರಿನವರು ಹೇಳಿದ ಹೆಸರು ಹಾಗೇ ಉಳಿಯಬೇಕು ಅನ್ನುವುದು ನನ್ನ ಆಸೆ.

ಇನ್‌ಸ್ಟಾಲ್ ಆದವರು ಇಲ್ಲಿ "ಆಯ್ತು" ಅಂತ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಸ್ಕ್ರೀನ್‌ಶಾಟ್ ಕಳಿಸಿ, ಶನಿವಾರ ಸಂಜೆ 6ರ ನಂತರ ನಾನು ಬಿಡುವಾಗಿದ್ದೇನೆ, ಒಟ್ಟಿಗೆ ಕೂತು ಸರಿ ಮಾಡೋಣ.