ಮುಖ್ಯ ಶಿಕ್ಷಕರ ಗುಂಪಿಗೆ ಸೂಚನೆ

ಮಾನ್ಯರೇ,

ಕಾರವಾರ ಹಾಗೂ ಶಿರಸಿ ಶೈಕ್ಷಣಿಕ ಜಿಲ್ಲೆಗಳಲ್ಲಿ ಈ ಸಾಲಿನಲ್ಲಿ ಪ್ರಭಾರ ವಹಿಸಿಕೊಂಡವರು ಇಲ್ಲಿ ಕೇಳುತ್ತಿರುವುದೆಲ್ಲ ನಗದು ಪುಸ್ತಕ, ಅಕ್ಷರ ದಾಸೋಹದ (ಬಿಸಿಯೂಟದ) ದಾಸ್ತಾನು ವಹಿ, ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ನಮೂದುಗಳ ಬಗ್ಗೆಯೇ. ಅವು ಒಂದೆರಡು ತಿಂಗಳಲ್ಲಿ ರೂಢಿಯಾಗುತ್ತವೆ. ಜನರೊಡನೆ ನಡೆದುಕೊಳ್ಳುವ ಬಗೆಗೆ ಮಾತ್ರ ಯಾವ ಸುತ್ತೋಲೆಯೂ ಬರುವುದಿಲ್ಲ.

ಹದಿನಾರು ವರ್ಷ ಸಹಶಿಕ್ಷಕನಾಗಿದ್ದು ಪ್ರಭಾರ ವಹಿಸಿಕೊಂಡ ಮೊದಲ ಮಳೆಗಾಲದಲ್ಲಿ, ಹಳ್ಳದಾಚೆಯ ಕೇರಿಯ ನಾಲ್ಕು ಮಕ್ಕಳನ್ನು ತಡವಾಗಿ ಬಂದರೆಂದು ನಾನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದ್ದೆ. ಮಧ್ಯಾಹ್ನ ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ, “ಮಾಸ್ತರೇ, ಹಳ್ಳ ದಾಟುವ ಕಾಲುಸಂಕದ ಎರಡು ಅಡಿಕೆ ಮರ ಕೊಚ್ಚಿ ಹೋಗಿದೆ, ಅವರು ಸುತ್ತು ಹಾಕಿ ಬರಬೇಕು” ಎಂದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಮುಖ್ಯ ಶಿಕ್ಷಕನಿಗೆ ಗೊತ್ತಿರಲಿಲ್ಲ! ಮರುದಿನ ಹಳ್ಳದ ದಂಡೆಗೆ ಹೋಗಿ ನೋಡಿ, ಆ ವಾರವೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದಾಗ, ಇಬ್ಬರು ಪಾಲಕರು ತಮ್ಮ ತೋಟದ ಮರ ಕಡಿದು ತಂದು ಸಂಕ ಹಾಕಿಕೊಟ್ಟರು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಹೇಳಿರುವುದನ್ನು ನಾನು ಅಲ್ಲಿಯವರೆಗೆ ಸಹಿ ಸಂಗ್ರಹಿಸುವ ಕೆಲಸವೆಂದೇ ತಿಳಿದಿದ್ದೆ.

ಆದ್ದರಿಂದ ಐದು ವರ್ಷಕ್ಕಿಂತ ಹೆಚ್ಚು ಕಾಲ ಶಾಲೆ ನಡೆಸಿದ ಪ್ರತಿಯೊಬ್ಬರೂ ತಮ್ಮದೇ ಒಂದು ಪ್ರಸಂಗವನ್ನು, ಸಾಧ್ಯವಾದರೆ ತಪ್ಪಿ ನಡೆದದ್ದನ್ನೇ, ಶನಿವಾರ ಸಂಜೆಯೊಳಗೆ ಬರೆದು ಹಾಕಬೇಕಾಗಿ ಕೋರುತ್ತೇನೆ. ಸನ್ಮಾನದ ಫೋಟೊಗಳು ಈ ವಾರ ಬೇಡ. ಮಕ್ಕಳ, ಪಾಲಕರ ಹೆಸರುಗಳನ್ನು ಬರೆಯಬಾರದು. ಹೊಸಬರು ತಮ್ಮ ಪ್ರಶ್ನೆಗಳನ್ನು ಆಯಾ ಬರಹದ ಕೆಳಗೇ ಕೇಳಬಹುದು.