ಚೀಟಿ ಎತ್ತಿ ದಾರಿ ಹೇಳು: ಎರಡನೆಯ ಸೆಮಿಸ್ಟರಿನ ಕ್ಯಾಲ್ಕ್ಯುಲಸ್ ಓದುತ್ತಿರುವ ತಂಗಿಯ ಮಗನಿಗೆ

ಮೈಸೂರು
ಫೆಬ್ರವರಿ 18

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅಮೆರಿಕದ ಚಳಿಯಲ್ಲಿ ನೀನು ಹೇಗಿದ್ದೀಯೋ ಎಂಬುದನ್ನು ಆಗಾಗ ತಿಳಿಸುತ್ತಿರು. ಕಳೆದ ಭಾನುವಾರ ನಿನ್ನ ಅಮ್ಮ ಫೋನಿನಲ್ಲಿ ಮಾತನಾಡುತ್ತ, ಎರಡನೆಯ ಸೆಮಿಸ್ಟರಿನ ಕ್ಯಾಲ್ಕ್ಯುಲಸ್‌ನ ಮೊದಲ ಮಿಡ್‌ಟರ್ಮಿನಲ್ಲಿ ನಿನಗೆ ನೂರಕ್ಕೆ 58 ಬಂದಿದೆಯೆಂದೂ, ಹೋಮ್‌ವರ್ಕಿನಲ್ಲಿ ಮಾತ್ರ ಪ್ರತಿ ವಾರವೂ 95ರ ಮೇಲೆಯೇ ಇದೆಯೆಂದೂ, ಹೀಗೇಕಾಯಿತೆಂದು ನಿನಗೇ ತಿಳಿಯುತ್ತಿಲ್ಲವೆಂದೂ ಹೇಳಿದಳು. ಅವಳಿಗೆ 58ರ ಚಿಂತೆ. ನನಗೆ ಆ ಎರಡು ಅಂಕಿಗಳ ನಡುವಿನ ಅಂತರದ ಚಿಂತೆ. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಇದೇ ವಿಷಯವನ್ನು ಪಾಠ ಮಾಡಿದವಳಾದ್ದರಿಂದ ಆ ಅಂತರ ಎಲ್ಲಿ ಹುಟ್ಟುತ್ತದೆಂದು ನನಗೆ ಗೊತ್ತಿದೆ. ನಿನ್ನ ಬುದ್ಧಿಯಲ್ಲಿ ಏನೂ ಕೊರತೆಯಿಲ್ಲವೆಂಬುದನ್ನು ಮೊದಲೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ನೀನು ದ್ವಿತೀಯ ಪಿಯುಸಿಯಲ್ಲಿ ಇಂಟಿಗ್ರೇಷನ್ ಓದಿಕೊಂಡೇ ಅಲ್ಲಿಗೆ ಹೋದವನು. ಸಬ್‌ಸ್ಟಿಟ್ಯೂಷನ್, ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರ್ಯಾಕ್ಷನ್ಸ್ ಎಂಬ ಅದರ ವಿಧಾನಗಳಲ್ಲಿ ಯಾವುದೂ ನಿನಗೆ ಹೊಸದಲ್ಲ. ಆದರೆ ಬೋರ್ಡ್ ಪರೀಕ್ಷೆಗೆಂದು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ತಿರುತಿರುಗಿ ಮಾಡಿದ ನೀನು ಲೆಕ್ಕಗಳನ್ನು ಮುಖ ನೋಡಿ ಗುರುತು ಹಿಡಿಯುವುದನ್ನು ಕಲಿತಿದ್ದೀಯೆ, ಪರಿಚಯದ ಮುಖ ಬಂದರೆ ಸರಿ, ಅಪರಿಚಿತ ಮುಖ ಬಂದರೆ ಕೈ ಕಟ್ಟಿದಂತಾಗುತ್ತದೆ. ಈಗಿನ ಹೋಮ್‌ವರ್ಕ್ ಈ ಅಭ್ಯಾಸವನ್ನು ಇನ್ನಷ್ಟು ಬಲಪಡಿಸುತ್ತಿದೆ. ಈ ವಾರದ ಪಾಠ ಬೈ ಪಾರ್ಟ್ಸ್ ಆಗಿದ್ದರೆ ಈ ವಾರದ ಇಪ್ಪತ್ತು ಲೆಕ್ಕಗಳೂ ಬೈ ಪಾರ್ಟ್ಸ್‌ನವೇ. ಪಾಠದ ತಲೆಬರಹವೇ ಯಾವ ದಾರಿ ಹಿಡಿಯಬೇಕೆಂದು ಕಿವಿಯಲ್ಲಿ ಹೇಳಿಬಿಡುತ್ತದೆ, ನೀನು ನಡೆದುಕೊಂಡು ಹೋದರೆ ಸಾಕು. ಪರೀಕ್ಷೆಯ ಕಾಗದದ ಮೇಲೆ ತಲೆಬರಹವಿರುವುದಿಲ್ಲ. ಅಲ್ಲಿ ಅರ್ಧ ಅಂಕ ನಡೆಯುವುದಕ್ಕಾದರೆ ಇನ್ನರ್ಧ ದಾರಿ ಆರಿಸುವುದಕ್ಕೆ, ಮತ್ತು ಆರಿಸುವುದನ್ನು ನೀನು ಇಡೀ ಸೆಮಿಸ್ಟರಿನಲ್ಲಿ ಒಂದು ದಿನವೂ ಅಭ್ಯಾಸ ಮಾಡಿಲ್ಲ.

ಈಗಲೇ ಒಂದು ಹಾಳೆ ತೆಗೆದುಕೊಂಡು ಮೂರು ಇಂಟಿಗ್ರಲ್‌ಗಳನ್ನು ಒಂದರ ಕೆಳಗೊಂದು ಬರೆ. ಮೊದಲನೆಯದು ಎಕ್ಸ್ ಇಂಟು ಇ ಪವರ್ ಎಕ್ಸ್. ಎರಡನೆಯದು ಎಕ್ಸ್ ಇಂಟು ಇ ಪವರ್ ಎಕ್ಸ್ ಸ್ಕ್ವೇರ್. ಮೂರನೆಯದು ಬರೀ ಇ ಪವರ್ ಎಕ್ಸ್ ಸ್ಕ್ವೇರ್. ನೋಡುವುದಕ್ಕೆ ಒಂದೇ ಮನೆಯ ಅಣ್ಣತಮ್ಮಂದಿರಂತಿವೆ. ಮೊದಲನೆಯದರಲ್ಲಿ ಎಕ್ಸ್ ಅನ್ನು ಡಿಫರೆನ್ಷಿಯೇಟ್ ಮಾಡಿದರೆ ಅದು ಒಂದಾಗಿ ಕರಗಿಹೋಗುತ್ತದೆ, ಇನ್ನೊಂದು ಭಾಗ ಇಂಟಿಗ್ರೇಟ್ ಮಾಡಿದರೂ ಇದ್ದಂತೆಯೇ ಇರುತ್ತದೆ, ಆದ್ದರಿಂದ ಬೈ ಪಾರ್ಟ್ಸ್‌ನಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ಎರಡನೆಯದರಲ್ಲಿ ಪವರಿನಲ್ಲಿರುವ ಎಕ್ಸ್ ಸ್ಕ್ವೇರಿನ ಡೆರಿವೇಟಿವ್ ಎರಡು ಎಕ್ಸ್, ಅದಕ್ಕೆ ಬೇಕಾದ ಎಕ್ಸ್ ಹೊರಗಡೆ ಕಾದು ನಿಂತಿದೆ, ಆದ್ದರಿಂದ ಅದು ಸಬ್‌ಸ್ಟಿಟ್ಯೂಷನ್; ಅಭ್ಯಾಸಬಲದಿಂದ ಅಲ್ಲಿಯೂ ಬೈ ಪಾರ್ಟ್ಸ್ ಹಿಡಿದವನು ಅರ್ಧ ಪುಟ ತುಂಬಿಸಿ ಹೊರಟಲ್ಲಿಗಿಂತ ಕಷ್ಟದ ಜಾಗದಲ್ಲಿ ನಿಲ್ಲುತ್ತಾನೆ. ಮೂರನೆಯದರಲ್ಲಿ ನೆರವಿಗೆ ಬರಬೇಕಾದ ಆ ಎಕ್ಸ್ ಇಲ್ಲವೇ ಇಲ್ಲ. ನೀನು ಕಲಿತ ಯಾವ ವಿಧಾನಕ್ಕೂ ಅದು ಬಗ್ಗುವುದಿಲ್ಲ, ಯಾಕೆಂದರೆ ನಮಗೆ ಪರಿಚಯವಿರುವ ಫಂಕ್ಷನ್‌ಗಳಲ್ಲಿ ಅದರ ಉತ್ತರವನ್ನು ಬರೆಯುವುದೇ ಸಾಧ್ಯವಿಲ್ಲ. ಇಂಥ ಇಂಟಿಗ್ರಲ್‌ಗಳ ಸಿದ್ಧಾಂತವನ್ನು 1830ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಿಯೂವಿಲ್ ಕಟ್ಟಿಕೊಟ್ಟರು. ಆದರೂ ಅದಕ್ಕೆ ಒಂದು ದಾರಿಯಿದೆ. ಅದನ್ನು ಎಕ್ಸಿನ ಪವರುಗಳನ್ನು ಒಂದರ ಹಿಂದೊಂದು ಕೂಡಿಸುತ್ತ ಹೋಗುವ ಪವರ್ ಸೀರೀಸ್ ಆಗಿ ಬಿಡಿಸಿ, ಪದಪದವನ್ನೂ ಇಂಟಿಗ್ರೇಟ್ ಮಾಡಿ, ಸೊನ್ನೆಯಿಂದ ಒಂದರವರೆಗಿನ ಬೆಲೆ ಹಾಕಿದರೆ ಒಂದು, ಮೂರನೆಯ ಒಂದು, ಹತ್ತನೆಯ ಒಂದು, ನಲವತ್ತೆರಡನೆಯ ಒಂದು ಎಂದು ಪದಗಳು ಬೇಗ ಬೇಗ ಚಿಕ್ಕದಾಗುತ್ತ ಹೋಗುತ್ತವೆ. ಆರು ಪದ ಕೂಡಿಸುವಷ್ಟರಲ್ಲಿ 1.4625 ಬರುತ್ತದೆ, ನಿಜವಾದ ಬೆಲೆ ನಾಲ್ಕು ದಶಮಾಂಶಕ್ಕೆ 1.4627. ಸೆಮಿಸ್ಟರಿನ ಮೊದಲರ್ಧದಲ್ಲಿ ಇಂಟಿಗ್ರೇಷನ್, ಎರಡನೆಯರ್ಧದಲ್ಲಿ ಸೀರೀಸ್ ಯಾಕೆ ಇಟ್ಟಿದ್ದಾರೆಂದು ಎಷ್ಟೋ ಮಕ್ಕಳು ಕೇಳುತ್ತಿದ್ದರು. ಈ ಮೂರನೆಯ ತಮ್ಮನನ್ನು ತೋರಿಸಿದರೆ ಅವರಿಗೆ ಉತ್ತರ ಸಿಗುತ್ತಿತ್ತು.

ಈ ಮೂರರ ಮುಂದೆ ಪೆನ್ನು ಕೆಳಗಿಟ್ಟು ಅರ್ಧ ನಿಮಿಷ ಸುಮ್ಮನೆ ಕೂರುವ ಅಭ್ಯಾಸ, ಪುಟ್ಟ, ಅದೇ ನಾನು ಈ ಪತ್ರದಲ್ಲಿ ನಿನಗೆ ಹೇಳಬೇಕೆಂದಿರುವುದು.

ನಾನು ಮಾಡಿದ ತಪ್ಪೊಂದನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಹತ್ತು ಹನ್ನೆರಡು ವರ್ಷ ನಾನೂ ಪಾಠದ ಕ್ರಮದಲ್ಲೇ ಲೆಕ್ಕ ಕೊಡುತ್ತಿದ್ದೆ. ಮನೆಯಲ್ಲಿ ಚೆನ್ನಾಗಿ ಮಾಡಿಕೊಂಡು ಬಂದ ಮಕ್ಕಳು ಪರೀಕ್ಷೆಯಲ್ಲಿ ಸೋತಾಗ ಅವರು ಸೋಮಾರಿಗಳೆಂದು ಬೈದೆ. ಒಮ್ಮೆ ಬಹಳ ಶ್ರದ್ಧೆಯ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ತೋರಿಸಿ, "ಮೇಡಂ, ಇದು ಯಾವ ಚಾಪ್ಟರಿನ ಲೆಕ್ಕ ಅಂತ ಹೇಳಿದ್ದರೆ ನಾನು ಮಾಡಿಬಿಡುತ್ತಿದ್ದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಾಗ ತಪ್ಪು ಯಾರದೆಂದು ನನಗೆ ಅರ್ಥವಾಯಿತು. ಅಂದು ಸಂಜೆ ಮನೆಗೆ ಬಂದು, ಕಪಾಟಿನಲ್ಲಿದ್ದ ಹಳೆಯ ಮದುವೆಯ ಕಾಗದಗಳನ್ನೆಲ್ಲ ತೆಗೆದು, ದಪ್ಪ ಕಾಗದದ ಖಾಲಿ ಬದಿಯನ್ನು ಇಸ್ಪೀಟೆಲೆಯಷ್ಟು ಅಗಲಕ್ಕೆ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಇಂಟಿಗ್ರಲ್ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದೆ. ಮಾರನೆಯ ದಿನದಿಂದ ತರಗತಿಯ ಮೊದಲ ಹತ್ತು ನಿಮಿಷ ಅದೇ ಕೆಲಸ: ಒಬ್ಬರು ಚೀಟಿ ಎತ್ತಬೇಕು, ಲೆಕ್ಕ ಬಿಡಿಸಕೂಡದು, ಯಾವ ವಿಧಾನ ಮತ್ತು ಯಾಕೆ ಎಂಬುದನ್ನು ಮಾತ್ರ ಒಂದು ವಾಕ್ಯದಲ್ಲಿ ಹೇಳಬೇಕು. ಆ "ಯಾಕೆ" ಇಲ್ಲದ ಉತ್ತರವನ್ನು ನಾನು ಒಪ್ಪುತ್ತಿರಲಿಲ್ಲ. ನೀನೂ ಹಾಗೆಯೇ ಚೀಟಿಗಳನ್ನು ಮಾಡಿಕೊ. ಬೇರೆಯವರು ಮಾಡಿದ್ದನ್ನು ತರಿಸಿಕೊಳ್ಳಬೇಡ, ಪ್ರತಿ ಪಾಠದಿಂದ ಐದಾರು ಲೆಕ್ಕ ಆರಿಸಿ ಬರೆಯುವಾಗಲೇ ಅರ್ಧ ಕಲಿಕೆ ಆಗಿಹೋಗುತ್ತದೆ. ಕಾರಣವನ್ನು ಕನ್ನಡದಲ್ಲೇ ಹೇಳಿಕೊ. ಇಂಗ್ಲಿಷಿನಲ್ಲಿ ಪುಸ್ತಕದ ಮಾತು ಬಾಯಿಗೆ ತಾನಾಗಿ ಬಂದುಬಿಡುತ್ತದೆ, ಕನ್ನಡದಲ್ಲಿ ಹೇಳಬೇಕಾದರೆ ಅರ್ಥವಾಗಿರಲೇಬೇಕು.

ಹೋಮ್‌ವರ್ಕಿನ ವಿಷಯಕ್ಕೆ ಬಂದರೆ, ನಿಮ್ಮದು ಕಂಪ್ಯೂಟರಿನಲ್ಲಿ ಉತ್ತರ ತುಂಬಿಸುವ ಬಗೆಯದು, ತಪ್ಪಾದರೆ ಮತ್ತೆ ಮತ್ತೆ ಪ್ರಯತ್ನಿಸಬಹುದು ಎಂದು ಕೇಳಿದೆ. ಕೆಂಪು ಗುರುತು ಕಂಡೊಡನೆ ಮೈನಸ್ ತೆಗೆದು ಪ್ಲಸ್ ಹಾಕಿ, ಎರಡರಿಂದ ಭಾಗಿಸಿ ನೋಡಿ, ಹಸಿರು ಬಂದೊಡನೆ ಮುಂದಿನದಕ್ಕೆ ಹೋಗುವುದು ಬಹಳ ಸುಲಭ. ನಿನ್ನ 95ರಲ್ಲಿ ಎಷ್ಟು ಭಾಗ ಹಾಗೆ ಬಂದದ್ದೆಂದು ನಿನಗೆ ಮಾತ್ರ ಗೊತ್ತು. ಇನ್ನು ಮುಂದೆ ಪ್ರತಿ ಲೆಕ್ಕವನ್ನೂ ಕಾಗದದ ಮೇಲೆ ಪೂರ್ತಿ ಬಿಡಿಸಿ ಮುಗಿಸಿದ ಮೇಲೆ ಮಾತ್ರ ಕಂಪ್ಯೂಟರನ್ನು ಮುಟ್ಟು, ಮತ್ತು ತಪ್ಪಾದದ್ದನ್ನು ಬೇರೊಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡು. ಒಂದು ತಿಂಗಳಾದ ಮೇಲೆ ಆ ನೋಟ್‌ಬುಕ್ ತಿರುವಿದರೆ ನಿನ್ನ ಮುಕ್ಕಾಲು ಪಾಲು ತಪ್ಪುಗಳು ಕ್ಯಾಲ್ಕ್ಯುಲಸ್‌ನವೇ ಅಲ್ಲವೆಂದು ಕಾಣುತ್ತದೆ. ಬ್ರ್ಯಾಕೆಟ್ಟಿನ ಹೊರಗಿನ ಮೈನಸ್ ಒಳಗಿನ ಎರಡನೆಯ ಪದಕ್ಕೆ ತಲುಪಿರುವುದಿಲ್ಲ, ಟ್ರಿಗೊನಾಮೆಟ್ರಿಯ ಅರ್ಧಕೋನದ ಸೂತ್ರ ಮರೆತಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ನಾನು ಕಂಡದ್ದು ಇದನ್ನೇ. ಆ್ಯಪ್‌ಗಳು ಈಗ ಹಂತಹಂತವಾಗಿ ಲೆಕ್ಕ ಬಿಡಿಸಿ ತೋರಿಸುತ್ತವೆಯಂತೆ. ನೋಡಲೇಬೇಡವೆಂದು ನಾನು ಹೇಳಲಾರೆ, ಆದರೆ ನಿಮ್ಮ ಪ್ರಾಧ್ಯಾಪಕರು ಸಿಲಬಸ್‌ನಲ್ಲಿ ಏನನ್ನು ಒಪ್ಪಿದ್ದಾರೆಂದು ಓದಿಕೊಂಡು ಅದನ್ನು ಮೀರಬೇಡ, ಮತ್ತು ಬಿಡಿಸಿದ್ದನ್ನು ನೋಡಿದ ಲೆಕ್ಕವನ್ನು ಮಾರನೆಯ ದಿನ ಖಾಲಿ ಹಾಳೆಯ ಮೇಲೆ ನೀನೇ ಮಾಡಲಾಗದಿದ್ದರೆ ಅದನ್ನು ಮಾಡಿದ್ದೇನೆಂದು ಎಣಿಸಬೇಡ.

ಉತ್ತರ ಬಂದ ಮೇಲೂ ಅದನ್ನು ಒಮ್ಮೆ ಕಣ್ಣಿಟ್ಟು ನೋಡುವುದನ್ನು ಕಲಿ. ಒಂದನ್ನು ಎಕ್ಸ್ ಸ್ಕ್ವೇರಿನಿಂದ ಭಾಗಿಸಿ, ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ ಇಂಟಿಗ್ರೇಟ್ ಮಾಡೆಂದು ಕೊಟ್ಟರೆ ಕೈ ತಾನಾಗಿಯೇ ಸೂತ್ರ ಹಾಕಿ ಮೈನಸ್ ಎರಡು ಎಂದು ಬರೆದುಬಿಡುತ್ತದೆ. ಆ ಫಂಕ್ಷನ್ ಎಲ್ಲಿಯೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಅಕ್ಷದ ಮೇಲೆಯೇ ಇರುವ ರೇಖೆಯ ಕೆಳಗಿನ ವಿಸ್ತೀರ್ಣ ಋಣಸಂಖ್ಯೆಯಾಗುವುದು ಹೇಗೆ ಎಂದು ಒಂದು ಕ್ಷಣ ನಿಂತು ಕೇಳಿಕೊಂಡವನಿಗೆ, ನಡುವೆ ಸೊನ್ನೆಯ ಬಳಿ ಅದು ಅನಂತಕ್ಕೆ ಏರುತ್ತದೆಂದೂ, ಇದು ಇಂಪ್ರಾಪರ್ ಇಂಟಿಗ್ರಲ್ ಎಂದೂ, ಇದಕ್ಕೆ ಬೆಲೆಯೇ ಇಲ್ಲವೆಂದೂ ಹೊಳೆಯುತ್ತದೆ. ಪಿಯುಸಿಯಲ್ಲಿ ನಾವು ಇಂಥದ್ದನ್ನು ಕಲಿಸುವುದಿಲ್ಲ, ಆದ್ದರಿಂದ ನಿನ್ನಂಥವರೇ ಇದರಲ್ಲಿ ಹೆಚ್ಚು ಬೀಳುತ್ತಾರೆ.

ಮುಂದಿನ ತಿಂಗಳು ಸೀರೀಸ್ ಬರುತ್ತದೆ. ಅಲ್ಲಿ ನಿನ್ನ ಪಿಯುಸಿಯ ಓದು ಹೆಚ್ಚು ಕೈಹಿಡಿಯುವುದಿಲ್ಲ, ಹೆದರದೆ ಹೊಸಬನಂತೆ ಕೂತು ಕಲಿ. ಪದಗಳು ಸೊನ್ನೆಯ ಕಡೆಗೆ ಹೋಗದಿದ್ದರೆ ಸೀರೀಸ್ ಡೈವರ್ಜ್ ಆಗುತ್ತದೆ, ಅಂದರೆ ಮೊತ್ತ ಒಂದು ಬೆಲೆಗೆ ಬಂದು ನಿಲ್ಲುವುದಿಲ್ಲ. ಇದನ್ನೇ ತಿರುಗಿಸಿ, ಪದಗಳು ಸೊನ್ನೆಗೆ ಹೋದರೆ ಕನ್ವರ್ಜ್ ಆಗುತ್ತದೆಂದು, ಅಂದರೆ ಮೊತ್ತ ಒಂದು ಬೆಲೆಗೆ ಬಂದು ನಿಲ್ಲುತ್ತದೆಂದು, ಬರೆಯುವ ಮಕ್ಕಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಒಂದು, ಅರ್ಧ, ಮೂರನೆಯ ಒಂದು, ಕಾಲು ಎಂದು ಹೋಗುವ ಹಾರ್ಮೋನಿಕ್ ಸೀರೀಸನ್ನು ಕೈಯಲ್ಲೇ ಸ್ವಲ್ಪ ದೂರ ಕೂಡಿಸಿ ನೋಡು. ಮೊದಲ ಹತ್ತು ಪದಕ್ಕೆ 2.93 ಬರುತ್ತದೆ, ಸಾವಿರ ಪದಕ್ಕೆ 7.49, ಹತ್ತು ಲಕ್ಷ ಪದಕ್ಕೆ 14.39. ಆಮೆಯಂತೆ ನಡೆದರೂ ಅದು ಎಲ್ಲಿಯೂ ನಿಲ್ಲುವುದಿಲ್ಲ. ಇದನ್ನು 14ನೆಯ ಶತಮಾನದಲ್ಲೇ ಫ್ರಾನ್ಸಿನ ವಿದ್ವಾಂಸ ಒರೆಮ್ ಸಾಧಿಸಿ ತೋರಿಸಿದರು: ಮೂರನೆಯ ಮತ್ತು ನಾಲ್ಕನೆಯ ಪದ ಸೇರಿದರೆ ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟು ಸೇರಿದರೂ ಹಾಗೆಯೇ. ಎಷ್ಟು ಅರ್ಧಗಳು ಬೇಕಾದರೂ ಸಿಗುತ್ತವೆಯಾದ್ದರಿಂದ ಮೊತ್ತಕ್ಕೆ ಮಿತಿಯೇ ಇಲ್ಲ. ಈ ನಾಲ್ಕು ಸಾಲನ್ನು ನಿನ್ನ ಕೈಯಿಂದ ಒಮ್ಮೆ ಬರೆದುಬಿಟ್ಟರೆ ಆ ತಪ್ಪು ನಿನ್ನಿಂದ ಜೀವಮಾನದಲ್ಲಿ ಆಗುವುದಿಲ್ಲ.

ಅದೇ ಕಾಲಕ್ಕೆ ನಮ್ಮ ನೆರೆಯ ಕೇರಳದ ಸಂಗಮಗ್ರಾಮದಲ್ಲಿದ್ದ ಮಾಧವರು ಒಂದು, ಕಳೆ ಮೂರನೆಯ ಒಂದು, ಕೂಡು ಐದನೆಯ ಒಂದು ಎಂದು ಹೋಗುವ ಸೀರೀಸಿನ ಮೊತ್ತ ಪೈಯ ಕಾಲುಭಾಗವೆಂದು ಕಂಡುಕೊಂಡಿದ್ದರು. ನಿಮ್ಮ ಪುಸ್ತಕದಲ್ಲಿ ಅದು ಬಹುಶಃ ಜರ್ಮನಿಯ ಗಣಿತಜ್ಞ ಲೈಬ್ನಿಟ್ಜ್ ಹೆಸರಿನಲ್ಲಿರುತ್ತದೆ. ಅದರ ಐವತ್ತು ಪದ ಕೂಡಿಸಿ ನಾಲ್ಕರಿಂದ ಗುಣಿಸಿದರೂ 3.12 ಮಾತ್ರ ಸಿಗುವಷ್ಟು ಅದು ನಿಧಾನ, ಮಾಧವರ ಪರಂಪರೆಯವರು ಕೊನೆಗೆ ಸೇರಿಸಬೇಕಾದ ತಿದ್ದುಪಡಿಯ ಪದಗಳನ್ನು ಹುಡುಕಿದ್ದು ಅದಕ್ಕಾಗಿಯೇ. ಹೀಗೆ ಕೂಡುವುದೂ ಕಳೆಯುವುದೂ ಸರದಿಯಲ್ಲಿ ಬರುವ ಆಲ್ಟರ್ನೇಟಿಂಗ್ ಸೀರೀಸನ್ನು ಎಲ್ಲಿ ನಿಲ್ಲಿಸಿದರೂ ಆಗುವ ದೋಷ, ಪದಗಳು ಕ್ರಮವಾಗಿ ಇಳಿಯುತ್ತ ಸೊನ್ನೆಗೆ ಹೋಗುತ್ತಿದ್ದರೆ, ಮುಂದಿನ ಪದಕ್ಕಿಂತ ಹೆಚ್ಚಿರುವುದಿಲ್ಲ ಎಂಬ ನಿಯಮವನ್ನು ನೀನು ಓದುವಾಗ ಈ ಸೀರೀಸನ್ನೇ ಎದುರಿಗಿಟ್ಟುಕೊ. "ಹೋಗುತ್ತಿದ್ದರೆ" ಎಂಬ ಆ ಮಾತನ್ನು ಬಿಡಬೇಡ. ಸೀರೀಸ್ ಕನ್ವರ್ಜ್ ಆಗುತ್ತದೆಯೇ ಎಂದು ನೋಡುವ ಪ್ರತಿ ಟೆಸ್ಟಿಗೂ ಹೀಗೆ ಒಂದು ಷರತ್ತು ಇರುತ್ತದೆ, ಅದು ಈಡೇರಿದೆಯೆಂದು ಒಂದು ಸಾಲಿನಲ್ಲಿ ಬರೆಯದೆ ಟೆಸ್ಟಿನ ಹೆಸರನ್ನು ಮಾತ್ರ ಹೇಳಿದರೆ ಅಂಕ ಕಳೆಯುತ್ತಾರೆ, ಕಳೆಯುವುದು ಸರಿಯೂ ಹೌದು. ಪವರ್ ಸೀರೀಸಿನಲ್ಲಿ ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿ ನೋಡುವ ರೇಷಿಯೋ ಟೆಸ್ಟ್ ಮಾಡಿ, ರೇಡಿಯಸ್, ಅಂದರೆ ನಡುವಿನಿಂದ ಎಷ್ಟು ದೂರದವರೆಗೆ ಸೀರೀಸ್ ಕನ್ವರ್ಜ್ ಆಗುತ್ತದೆಂಬ ಅಳತೆ, ಒಂದು ಎಂದು ಬಂದೊಡನೆ ಪೆನ್ನು ಇಡಬೇಡ. ಎರಡು ತುದಿಗಳಲ್ಲಿ ಆ ಟೆಸ್ಟ್ ಏನೂ ಹೇಳುವುದಿಲ್ಲ, ಅಲ್ಲಿ ಒಂದೊಂದನ್ನೂ ಬೇರೆಯಾಗಿ ನೋಡಬೇಕು. ಎಕ್ಸ್ ಪವರ್ ಎನ್ ಬೈ ಎನ್ ಎಂಬ ಪದಗಳ ಸೀರೀಸ್ ಪ್ಲಸ್ ಒಂದರಲ್ಲಿ ಡೈವರ್ಜ್ ಆಗುತ್ತದೆ, ಮೈನಸ್ ಒಂದರಲ್ಲಿ ಕನ್ವರ್ಜ್ ಆಗುತ್ತದೆ.

ಸೀರೀಸಿಗೂ ಚೀಟಿಗಳನ್ನು ಮಾಡಿಕೊ, ಇಂಟಿಗ್ರಲ್‌ಗಳಿಗಿಂತ ಅಲ್ಲಿ ಅವು ಹೆಚ್ಚು ಬೇಕಾಗುತ್ತವೆ.

ಪರೀಕ್ಷೆಯ ಹಿಂದಿನ ವಾರ ಹೊಸ ಲೆಕ್ಕಗಳ ಹಿಂದೆ ಓಡುವುದಕ್ಕಿಂತ, ಹೋಮ್‌ವರ್ಕಿನಿಂದಲೇ ಬೇರೆ ಬೇರೆ ಪಾಠದ ಆರು ಲೆಕ್ಕಗಳನ್ನು ಕಲಸಿ ತೆಗೆದು, ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ 50 ನಿಮಿಷ ಕೂರು. ಇಲ್ಲಿ ಮೂರು ಗಂಟೆಯ ಪರೀಕ್ಷೆಗೆ ಒಗ್ಗಿದವನಿಗೆ 50 ನಿಮಿಷ ಬಹಳ ಚಿಕ್ಕದು, ಒಂದು ಲೆಕ್ಕಕ್ಕೆ ಎಂಟು ನಿಮಿಷ ಮೀರಿದರೆ ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುವುದು ಮನಸ್ಸಿಗೆ ಕಷ್ಟವಾದರೂ ಅಭ್ಯಾಸದಿಂದ ಬರುತ್ತದೆ. ಹಿಂದಿನ ರಾತ್ರಿ ನಿದ್ದೆಗೆಡಬೇಡ. ಚಿಹ್ನೆಯ ತಪ್ಪುಗಳು ನಿದ್ದೆಗೆಟ್ಟವನನ್ನೇ ಹುಡುಕಿಕೊಂಡು ಬರುತ್ತವೆ.

ಇನ್ನೊಂದು ಮಾತು. ನಿಮ್ಮ ಪ್ರಾಧ್ಯಾಪಕರು ವಾರಕ್ಕೆ ಇಷ್ಟು ಗಂಟೆಯೆಂದು ಆಫೀಸ್ ಅವರ್ಸ್ ಇಟ್ಟಿರುತ್ತಾರಲ್ಲ, ಅಲ್ಲಿಗೆ ನೀನು ಒಮ್ಮೆಯೂ ಹೋಗಿಲ್ಲವಂತೆ. ಮೇಷ್ಟರ ಕೋಣೆಗೆ ಹೋಗುವುದೆಂದರೆ ಬೈಸಿಕೊಳ್ಳುವುದಕ್ಕೆ ಎಂಬ ಅಳುಕು ನಮ್ಮ ಕಡೆಯ ಮಕ್ಕಳಿಗೆ ಇದ್ದೇ ಇರುತ್ತದೆ. ಆ ಸಮಯ ನಿನಗೆಂದೇ ತೆಗೆದಿಟ್ಟದ್ದು. 58 ಬಂದ ಆ ಉತ್ತರಪತ್ರಿಕೆಯನ್ನೇ ತೆಗೆದುಕೊಂಡು ಈ ವಾರವೇ ಹೋಗು. "ನನಗೆ ಏನೂ ಅರ್ಥವಾಗಿಲ್ಲ" ಎನ್ನಬೇಡ. "ಈ ಸಾಲಿನವರೆಗೆ ಬಂದೆ, ಇಲ್ಲಿ ಈ ದಾರಿ ಯಾಕೆ ಹಿಡಿಯಬಾರದಿತ್ತು" ಎಂದು ಬೆರಳಿಟ್ಟು ಕೇಳು. ಹಾಗೆ ಕೇಳುವ ವಿದ್ಯಾರ್ಥಿಗಾಗಿ ನಾನು ಎಷ್ಟೋ ಮಧ್ಯಾಹ್ನಗಳನ್ನು ಸ್ಟಾಫ್ ರೂಮಿನಲ್ಲಿ ಕಾದು ಕುಳಿತದ್ದಿದೆ.

ಬರುವ ಭಾನುವಾರ ಬೆಳಿಗ್ಗೆ, ನಿಮ್ಮಲ್ಲಿ ಶನಿವಾರ ರಾತ್ರಿ, ಅಮ್ಮನ ಜೊತೆ ಮಾತು ಮುಗಿದ ಮೇಲೆ ನನಗೂ ಫೋನ್ ಮಾಡು. ಅಷ್ಟರಲ್ಲಿ ಇಪ್ಪತ್ತು ಚೀಟಿಗಳಾದರೂ ಬರೆದಿಟ್ಟಿರು. ಐದನ್ನು ಎತ್ತಿ ಗಟ್ಟಿಯಾಗಿ ಓದು, ಉತ್ತರ ಬೇಡ, ದಾರಿ ಮತ್ತು ಕಾರಣ ಹೇಳಿದರೆ ಸಾಕು. ನನ್ನ ಬಿಸ್ಕತ್ತಿನ ಡಬ್ಬಿ ಇನ್ನೂ ಕಪಾಟಿನಲ್ಲೇ ಇದೆ, ನಾನೂ ಅದನ್ನು ಇಳಿಸಿಕೊಂಡು ಕೂತಿರುತ್ತೇನೆ.

ಇಂತಿ,
ನಿನ್ನ ಪ್ರೀತಿಯ ದೊಡ್ಡಮ್ಮ