ಬೆಲೆಪಟ್ಟಿ ಗೋಡೆಯಿಂದ ಇಳಿಯುತ್ತಿದೆ: ನಮ್ಮ ಗಿರಾಕಿಗಳಿಗೊಂದು ಪತ್ರ

ಪ್ರೀತಿಯ ಗಿರಾಕಿಗಳಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಯುಗಾದಿ ಕಳೆದ ಮೇಲೆ ನಮ್ಮ ಮರಗೆಲಸದ ಸಾಮಾನಿನ ಅಂಗಡಿಯಲ್ಲಿ ಹೊರದೇಶದ ಉಳಿ, ಗರಗಸ, ಮಸೆಗಲ್ಲುಗಳಿಗೆ ಗೋಡೆ ಮೇಲೆ ಬೆಲೆಪಟ್ಟಿ ಇರುವುದಿಲ್ಲ. ಪ್ರತಿ ಸಲ ಮಾಲು ಬಂದಾಗ ಅದಕ್ಕೆ ಎಷ್ಟು ಖರ್ಚು ಬಿತ್ತೋ ಅದರ ಮೇಲೆ ಆ ಸಲದ ಬೆಲೆ. "ಒಂದೇ ಒಂದು ಪೀಸ್ ತರಿಸಿಕೊಡಿ" ಅನ್ನುವ ಆರ್ಡರ್‌ಗಳನ್ನೂ ನಿಲ್ಲಿಸುತ್ತಿದ್ದೇವೆ. ಇನ್ನು ವರ್ಷಕ್ಕೆ ಎರಡು ಸಲ, ಎಲ್ಲರ ಬೇಡಿಕೆ ಒಟ್ಟು ಮಾಡಿ, ಹಡಗಿನಲ್ಲಿ ತರಿಸುತ್ತೇವೆ. ಅರ್ಧ ಹಣ ಮುಂಗಡ. ಒಂದು ಸಲ ಮುಂಗಡ ತೆಗೆದುಕೊಂಡು ಬೆಲೆ ಬರೆದುಕೊಟ್ಟ ಮೇಲೆ ಅದೇ ಬೆಲೆ. ಹೆಚ್ಚು ಕಡಿಮೆ ಆದರೆ ಅದು ನಮ್ಮ ಪಾಲಿಗೆ.

ಕೊನೆಯ ಮಾತು ಯಾಕೆ ಬರೆದೆವು ಅಂತ ಕೆಲವರಿಗೆ ಗೊತ್ತು. ಕಳೆದ ದೀಪಾವಳಿ ಹೊತ್ತಿಗೆ ಏಳು ಜನರಿಗೆ ಒಂದು ಬೆಲೆ ಹೇಳಿ ಮುಂಗಡ ತೆಗೆದುಕೊಂಡೆವು. ಮಾಲು ಕೈಗೆ ಬಂದ ಮೇಲೆ ಇನ್ನಷ್ಟು ಕೊಡಿ ಎಂದೆವು. ಐದು ಜನ ಮಾತಾಡದೆ ಕೊಟ್ಟರು. ಒಬ್ಬರು ಜಗಳ ಆಡಿ ಕೊಟ್ಟರು. ಇನ್ನೊಬ್ಬರು ಮುಂಗಡ ವಾಪಸ್ ಇಸಕೊಂಡು, ಎಣಿಸಿ, ಜೇಬಿಗೆ ಹಾಕಿಕೊಂಡು ಹೋದರು. ನಮ್ಮ ತಂದೆಯ ಕಾಲದಿಂದ ಬರುತ್ತಿದ್ದ ಯಜಮಾನರು ಅವರು. ಆಮೇಲೆ ಅಂಗಡಿ ಕಡೆ ಬಂದಿಲ್ಲ. ಜಗಳ ಆಡಿದವರು ಹೋದ ವಾರವೂ ಬಂದು ಅರ ತಗೊಂಡು ಹೋದರು, ಅವರ ಚಿಂತೆ ಇಲ್ಲ. ತಪ್ಪು ನಮ್ಮದು. ಕ್ಷಮಿಸಿ. ಆ ಆರು ಜನರಿಂದ ಜಾಸ್ತಿ ತೆಗೆದುಕೊಂಡದ್ದನ್ನು ಮುಂದಿನ ಖರೀದಿಯಲ್ಲಿ ವಜಾ ಮಾಡುತ್ತೇವೆ. ಪುಸ್ತಕದಲ್ಲಿ ಹೆಸರು, ಮೊತ್ತ ಎರಡೂ ಬರೆದಿಟ್ಟಿದ್ದೇವೆ.

ಇಷ್ಟು ಹೇಳಿದ ಮೇಲೆ ನಮ್ಮ ಮಾತನ್ನೂ ನೀವು ಕೇಳಬೇಕು.

"ಹೊರಗಿನ ಸೈಟಿನಲ್ಲಿ ಇದೇ ಉಳಿ ಇಷ್ಟಕ್ಕೇ ಇದೆ. ನೀವು ಹೆಚ್ಚುಕಡಿಮೆ ಡಬಲ್ ಹೇಳ್ತೀರಲ್ಲ?" ವಾರಕ್ಕೆ ನಾಲ್ಕು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೆಲವರು ಮೊಬೈಲ್ ತೆಗೆದು ಗಲ್ಲಾ ಮೇಲೆ ಇಟ್ಟು, ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಸುಮ್ನೆ ನಿಲ್ಲುತ್ತಾರೆ. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನಾವು ನೋಡುತ್ತೇವೆ. ಈ ಪ್ರಶ್ನೆಗೆ ಗಲ್ಲಾದಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಕಾಗದ, ಪೆನ್ಸಿಲ್ ತಗೊಳ್ಳಿ.

ಸಾಮಾನಿನ ಬೆಲೆ 10,000 ರೂಪಾಯಿ ಅಂತಿಟ್ಟುಕೊಳ್ಳೋಣ. ವಿಮಾನದಲ್ಲಿ ಬಂತು. ಸುಂಕ ಬೀಳುವುದು ಬರೀ ಈ ಹತ್ತು ಸಾವಿರದ ಮೇಲಲ್ಲ, ಮೊದಲು ಸಾಗಣೆ ಮತ್ತು ವಿಮೆ ಸೇರಿಸುತ್ತಾರೆ. ವಿಮಾನದ ಸಾಗಣೆ ಎಷ್ಟೇ ಹೆಚ್ಚಾಗಿರಲಿ, ಸುಂಕದ ಲೆಕ್ಕಕ್ಕೆ ಸಾಮಾನಿನ ಬೆಲೆಯ ಶೇ 20ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಅದು 2,000. (ಇದು ಲೆಕ್ಕದ ಮಿತಿ ಅಷ್ಟೇ. ಸಾಗಿಸಿದವರಿಗೆ ನಾವು ಕೊಡುವ ಹಣಕ್ಕೆ ಅಂಥ ಮಿತಿ ಯಾರೂ ಹಾಕಿಲ್ಲ!) ವಿಮೆ ಎಷ್ಟೆಂದು ಗೊತ್ತಾಗದಿದ್ದರೆ ಶೇ 1.125 ಹಿಡಿಯುತ್ತಾರೆ, ಅಂದರೆ 112. ಪೈಸೆ ಬಿಟ್ಟುಬಿಡೋಣ. ಈಗ 12,112 ಆಯಿತು. ಕೈಯಲ್ಲಿ ಹಿಡಿದು ಕೆಲಸ ಮಾಡುವ ಉಳಿ ಗರಗಸಗಳಿಗೆ ಮೂಲ ಸುಂಕ ಶೇ 10, ಅಂದರೆ 1,211. ಆ ಸುಂಕದ ಮೇಲೆ ಮತ್ತೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಅದು 121. ಎಲ್ಲ ಕೂಡಿದರೆ 13,444. ಇದಿಷ್ಟರ ಮೇಲೆ ಆಮದು ಮಾಲಿನ ಜಿಎಸ್‌ಟಿಯಾದ ಐಜಿಎಸ್‌ಟಿ ಶೇ 18, ಅಂದರೆ 2,420. ಒಟ್ಟು 15,864 ರೂಪಾಯಿ.

ಪೇಪರ್‌ನಲ್ಲಿ "ಶೇ 10 ಸುಂಕ" ಅಂತ ಓದಿದ್ದು ಕೊನೆಗೆ ಆ 12,112ರ ಮೇಲೆ ಶೇ 30.98 ಆಗಿ ನಿಲ್ಲುತ್ತದೆ. ಮಾಲು ಇನ್ನೂ ವಿಮಾನ ನಿಲ್ದಾಣದ ಗೋದಾಮಿನಲ್ಲೇ ಇದೆ, ಮೈಸೂರಿಗೆ ಬಂದಿಲ್ಲ.

ಇಲ್ಲಿ ಒಬ್ಬ ಗಿರಾಕಿ ನಮ್ಮನ್ನು ಹಿಡಿದುಹಾಕಿದರು. ಆಡಿಟರ್ ಅವರು, ಭಾನುವಾರ ಮನೆಯಲ್ಲಿ ಕುರ್ಚಿ ಮೇಜು ಮಾಡುತ್ತಾರೆ. "ಐಜಿಎಸ್‌ಟಿ ನಿಮಗೆ ಕ್ರೆಡಿಟ್ ಸಿಗುತ್ತೆ, ಅದನ್ಯಾಕೆ ಖರ್ಚಿನಲ್ಲಿ ತೋರಿಸ್ತೀರಿ?" ಎಂದರು. ಸರಿಯಾದ ಮಾತು. ಕಸ್ಟಮ್ಸ್‌ನಲ್ಲಿ ಕಟ್ಟಿದ ಆ 2,420 ನಮಗೆ ಖರ್ಚಲ್ಲ. ನಿಮಗೆ ಮಾರುವಾಗ ನಿಮ್ಮಿಂದ ತೆಗೆದುಕೊಳ್ಳುವ ಜಿಎಸ್‌ಟಿಯಲ್ಲಿ ಅದು ವಜಾ ಆಗುತ್ತದೆ. ಎರಡು ಸಲ ತೆರಿಗೆ ತಿನ್ನುತ್ತಿದ್ದೇವೆ ಅಂತ ದಯವಿಟ್ಟು ತಿಳಿಯಬೇಡಿ. ಆದರೆ ಒಂದು ವಿಷಯ. ನೀವು ಕೊಡುವ ಶೇ 18 ಬೀಳುವುದು ಆ ಹತ್ತು ಸಾವಿರದ ಮೇಲಲ್ಲ. ಸುಂಕ, ಸಾಗಣೆ, ಏಜೆಂಟರ ಚಾರ್ಜು, ಅಂಗಡಿ ಬಾಡಿಗೆ, ನಮ್ಮ ಲಾಭ ಎಲ್ಲ ಕೂಡಿದ ಬೆಲೆಯ ಮೇಲೆ. ಮತ್ತೆ, ಮಾಲು ಖರ್ಚಾಗುವ ತನಕ ಆ ದುಡ್ಡು ಕೊಟ್ಟು ಕೂತಿರುವವರು ನಾವು. ಕೆಲವು ಉಳಿ ಎರಡು ವರ್ಷ ಷೋಕೇಸಿನಲ್ಲಿ ಇರುತ್ತವೆ, ನೀವೇ ನೋಡಿದ್ದೀರಲ್ಲ.

ಇನ್ನು ಡಾಲರ್. 2014ರಲ್ಲಿ ಒಂದು ಡಾಲರಿಗೆ 60 ರೂಪಾಯಿ ಆಸುಪಾಸು ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಂದರೆ ಅಲ್ಲಿ ಒಂದು ಸೆಂಟ್ ಏರದ ಉಳಿಯೂ ಇಲ್ಲಿ ಒಂದೂವರೆ ಪಟ್ಟು ಆಗಿದೆ. ಅದೂ ನೀವು ಮೊಬೈಲಿನಲ್ಲಿ ನೋಡುವ ದರಕ್ಕೆ ನಮಗೆ ಯಾರೂ ಡಾಲರ್ ಕೊಡುವುದಿಲ್ಲ. ಹಣ ಕಳಿಸುವಾಗ ಬ್ಯಾಂಕಿನದು ಒಂದು ದರ, ಮೇಲೆ ಕಮಿಷನ್. ಸುಂಕ ಕಟ್ಟುವಾಗ ಕಸ್ಟಮ್ಸ್‌ನವರು ತಿಂಗಳಿಗೆರಡು ಸಲ ಪ್ರಕಟಿಸುವ ದರ ಬೇರೆ.

ಒಂದೇ ಪೀಸ್ ಯಾಕೆ ಬೇಡ ಅಂದರೆ, ಕಸ್ಟಮ್ಸ್ ಏಜೆಂಟರಿಗೆ ಒಂದು ಗರಗಸವೂ ಒಂದೇ, ನೂರು ಗರಗಸವೂ ಒಂದೇ. ಮಾಲು ಬಿಡಿಸಿಕೊಳ್ಳಲು ಕಸ್ಟಮ್ಸ್‌ಗೆ ಹಾಕುವ ಕಾಗದ, ಬಿಲ್ ಆಫ್ ಎಂಟ್ರಿ, ಒಂದೇ, ಫೀಸೂ ಒಂದೇ. ಅದನ್ನು ಹಾಕುವುದು ತಡವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ ದಂಡ. ಆಮೇಲೆ ದಿನಕ್ಕೆ 10,000. ನಾಲ್ಕು ಸಾವಿರದ ಗರಗಸಕ್ಕೂ ಇದೇ ದಂಡ. ಪೆಟ್ಟಿಗೆ ತುಂಬ ಮಾಲಿದ್ದರೆ ಇದನ್ನು ಹಂಚಬಹುದು. ಒಂದೇ ಇದ್ದರೆ ಯಾರ ತಲೆಗೆ ಕಟ್ಟುವುದು? ಇಷ್ಟು ದಿನ ನಮ್ಮ ತಲೆಗೇ ಕಟ್ಟಿಕೊಂಡೆವು. ಇನ್ನು ಆಗುವುದಿಲ್ಲ.

ನಮ್ಮ ದಡ್ಡತನದಿಂದ ಆದ ಖರ್ಚೂ ಇದೆ. ಅದನ್ನು ನಿಮ್ಮ ಬೆಲೆಗೆ ಸೇರಿಸಿಲ್ಲ, ಆದರೂ ಹೇಳುತ್ತೇವೆ. ಜರ್ಮನಿಯಿಂದ ಒಮ್ಮೆ ಮಾಲು ಬಂತು. ಎಲ್ಲ ಕಾಗದ ಸರಿ ಇತ್ತು. ಮರದ ಪೆಟ್ಟಿಗೆಯ ಮೇಲೆ ಮಾತ್ರ ಮುದ್ರೆ ಇರಲಿಲ್ಲ. ಹಸಿ ಮರದ ಪೆಟ್ಟಿಗೆಯಲ್ಲಿ ಹುಳ ಬರಬಾರದು ಅಂತ, ಮರವನ್ನು ಕಾಯಿಸಿ, ಗೋಧಿ ತೆನೆಯಂಥ ಒಂದು ಗುರುತು, ಪಕ್ಕದಲ್ಲಿ ಎಚ್‌ಟಿ (ಅಂದರೆ ಕಾಯಿಸಿದ ಮರ) ಅಂತ ಅಚ್ಚು ಹಾಕಿರಬೇಕು. ಅಂಗೈಯಗಲದ ಮುದ್ರೆ. ಅದಿಲ್ಲ ಅಂತ ಪೆಟ್ಟಿಗೆ ಹನ್ನೊಂದು ದಿನ ಬಂದರಿನಲ್ಲಿ ಕೂತಿತು. ದಿನಕ್ಕಿಷ್ಟು ಅಂತ ಬಾಡಿಗೆ, ಮೇಲೆ ಹೊಗೆ ಹಾಕಿಸಿದ ಖರ್ಚು. ಕಳಿಸುವ ಮೊದಲು ಪೆಟ್ಟಿಗೆಯ ಫೋಟೋ ಕೇಳಿದ್ದರೆ ಆಗುತ್ತಿತ್ತು. ಮರದ ವ್ಯಾಪಾರದಲ್ಲೇ ಹುಟ್ಟಿ ಬೆಳೆದವರು ನಾವು, ಮರದ ಪೆಟ್ಟಿಗೆಯನ್ನೇ ನೋಡಲಿಲ್ಲ! ಈಗ ಪೆಟ್ಟಿಗೆಯ ನಾಲ್ಕೂ ಮೈಯ ಫೋಟೋ ಬಾರದೆ ಬಾಕಿ ಹಣ ಕಳಿಸುವುದಿಲ್ಲ.

"ಗಿಫ್ಟ್ ಅಂತ ಬರೆಸಿ ತರಿಸಿ ಸ್ವಾಮಿ" ಅಂತ ಸಲಹೆ ಕೊಟ್ಟವರು ತುಂಬ ಜನ. ಪ್ರೀತಿಯಿಂದಲೇ ಹೇಳಿದ್ದೀರಿ. ಆದರೆ 2019ರ ಡಿಸೆಂಬರ್‌ನಿಂದ ಅಂಚೆ, ಕೊರಿಯರ್‌ನಲ್ಲಿ ಉಡುಗೊರೆ ಅಂತ ಸುಂಕವಿಲ್ಲದೆ ಸಾಮಾನು ತರಿಸುವುದನ್ನೇ ನಿಲ್ಲಿಸಿದ್ದಾರೆ. ಬಿಟ್ಟಿರುವುದು ಎರಡೇ, ಜೀವ ಉಳಿಸುವ ಔಷಧಿ ಮತ್ತು ರಾಖಿ. ಅದೂ ರಾಖಿ ಮಾತ್ರ, ಜೊತೆಗಿನ ಉಡುಗೊರೆಗೆ ಅವಕಾಶ ಇಲ್ಲ. ಉಳಿಗೆ ರಾಖಿ ಕಟ್ಟಿ ಕಳಿಸಿದರೂ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಯುತ್ತೇವೆ ಅಂತ ಹೊರಗಿನ ಒಬ್ಬ ವ್ಯಾಪಾರಿಯೂ ಹೇಳಿದ್ದರು. ಬೇಡ ಎಂದೆವು. ಅಮೆರಿಕದಲ್ಲಿರುವ ಮಗ ಬರುವಾಗ ಲಗೇಜಿನಲ್ಲಿ ನಿಮಗೆ ಒಂದು ಸೆಟ್ ತಂದುಕೊಟ್ಟರೆ ತಪ್ಪೇನಿಲ್ಲ, ಅದಕ್ಕೊಂದು ಸುಂಕವಿಲ್ಲದ ಮಿತಿ ಇದೆ. ಆದರೆ ಮಾರಲು ಇಡುವ ಮಾಲನ್ನು ಅಂಗಡಿಯವರು ಹಾಗೆ ತರುವ ಹಾಗಿಲ್ಲ. ಅವನು ತಂದದ್ದನ್ನು ಮಸೆಯಲು ನಮ್ಮ ಹತ್ತಿರವೇ ತನ್ನಿ, ಮುಖ ಸಿಂಡರಿಸುವುದಿಲ್ಲ.

ಪೆಟ್ಟಿಗೆ ಮೇಲೆ ನಾವು ಚೀಟಿ ಅಂಟಿಸುವುದರ ಬಗ್ಗೆಯೂ ಗೊಣಗಾಟ ಇದೆ. "ಹಳೇ ಮಾಲಿಗೆ ಹೊಸ ಚೀಟಿ" ಅಂತ ಯಾರೋ ಹಬ್ಬಿಸಿದ್ದಾರೆ. ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ ಎಷ್ಟು, ಇವೆಲ್ಲ ಪೊಟ್ಟಣದ ಮೇಲೆ ಇರಲೇಬೇಕು ಅಂತ ಕಾನೂನಿದೆ. ಅಂಟು ಗಟ್ಟಿಯಾಯಿತು, ನಿಜ. ಬೇರೆ ಅಂಟು ನೋಡುತ್ತಿದ್ದೇವೆ.

ದೇಶ ದೇಶಗಳ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಮಾರನೇ ದಿನ ಫೋನ್ ಬರುತ್ತದೆ, "ಸುಂಕ ಹೋಯ್ತಂತೆ, ಯಾವಾಗ ಇಳಿಸ್ತೀರಿ?" ಅಂತ. ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿದ್ದ ದಿನವೇ ಮೂರು ಫೋನ್ ಬಂತು. ಸಹಿ ಬೀಳುವುದು ಬೇರೆ, ಜಾರಿಗೆ ಬರುವುದು ಬೇರೆ. ಸ್ವಿಟ್ಜರ್ಲೆಂಡ್ ಇರುವ ನಾಲ್ಕು ದೇಶಗಳ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಲ್ಲೂ ಎಲ್ಲ ಸಾಮಾನಿನ ಸುಂಕ ಒಂದೇ ಏಟಿಗೆ ಹೋಗುವುದಿಲ್ಲ, ಎಷ್ಟೋ ಸಾಮಾನಿಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಜಪಾನಿನ ಜೊತೆ 2011ರಿಂದಲೇ ಒಪ್ಪಂದ ಇದೆ. ಆದರೆ ಸಾಮಾನು ಜಪಾನಿನಲ್ಲೇ ಆದದ್ದು ಅಂತ ಅಲ್ಲಿನ ವಾಣಿಜ್ಯ ಮಂಡಳಿಯ ಪತ್ರ ಬೇಕು. ಐದು ಗರಗಸಕ್ಕಾಗಿ ಯಾವ ವ್ಯಾಪಾರಿಯೂ ಆ ಪತ್ರಕ್ಕೆ ಓಡಾಡುವುದಿಲ್ಲ. ದೊಡ್ಡ ಆರ್ಡರ್ ಕೊಟ್ಟರೆ ಓಡಾಡುತ್ತಾರೆ. ಒಟ್ಟಿಗೆ ತರಿಸುವುದರಲ್ಲಿ ನಿಮಗೂ ಲಾಭ ಇರುವುದು ಇಲ್ಲೇ. ಪತ್ರ ಸಿಕ್ಕಿ ಸುಂಕ ಕಡಿಮೆಯಾದರೆ ಅಷ್ಟನ್ನೂ ಬೆಲೆಯಲ್ಲಿ ಇಳಿಸುತ್ತೇವೆ. ಬಾಯಿಮಾತಲ್ಲ. ಇನ್ನು ಪ್ರತಿ ಮಾಲಿನ ಲೆಕ್ಕವನ್ನು, ಸುಂಕದ ರಶೀದಿ ಸಮೇತ, ಗಲ್ಲಾ ಪಕ್ಕದ ಫೈಲಿನಲ್ಲಿ ಇಡುತ್ತೇವೆ. ಯಾರು ಬೇಕಾದರೂ ತೆರೆದು ನೋಡಬಹುದು. ನಮ್ಮ ಲಾಭವೂ ಅದರಲ್ಲಿ ಕಾಣುತ್ತದೆ. ಕಾಣಲಿ.

ಮಂಡಿ ಮೊಹಲ್ಲಾದ ಇನ್ಲೇ ಕೆಲಸದವರಿಗೆ, ಅಂದರೆ ಮರದಲ್ಲಿ ಬೇರೆ ಮರದ ಚೂರು ಕೂರಿಸಿ ಚಿತ್ರ ಮಾಡುವವರಿಗೆ, ಬೇರೆ ಮಾತು. ನಿಮ್ಮ ಬ್ಲೇಡಿಗೆ ಈ ಹೊಸ ನಿಯಮ ಯಾವುದೂ ಇಲ್ಲ. ಆ ಬ್ಲೇಡು ದಾರದಷ್ಟು ಸಣ್ಣ. ಕೈ ತುಸು ಓರೆಯಾದರೆ ಟಪ್ ಅಂತ ಹೋಗುತ್ತದೆ. ಆನೆಯ ಸೊಂಡಿಲಿನ ತಿರುವು ಕೊಯ್ಯುವಾಗಲೇ ಹೋಗುತ್ತದೆ, ಅಲ್ವಾ? ಆರು ತಿಂಗಳಿಗೊಮ್ಮೆ ಬರುತ್ತದೆ, ಕಾಯಿರಿ ಅಂತ ನಿಮಗೆ ಹೇಳುವ ಹಾಗಿಲ್ಲ. ಮುಂಗಡ ಇಲ್ಲ, ಡಜನ್ ಲೆಕ್ಕದಲ್ಲೇ ಕೊಡುತ್ತೇವೆ, ಈಗಿರುವ ಬೆಲೆ ಈ ವರ್ಷ ಮುಗಿಯುವವರೆಗೆ ಹಾಗೇ ಇರುತ್ತದೆ. ಇದರಲ್ಲಿ ನಮಗೆ ಏನೂ ಗಿಟ್ಟುವುದಿಲ್ಲ. ಗಿಟ್ಟಬೇಕು ಅಂತ ಇಟ್ಟಿದ್ದೂ ಅಲ್ಲ.

ದುಬಾರಿ ಮಾಲು ತಗೊಳ್ಳಿ ಅಂತ ನಾವು ಯಾರನ್ನೂ ಬಲವಂತ ಮಾಡಿದವರಲ್ಲ. ಬೀಟೆ ಮರ ಕೊಯ್ಯಲು ಜಪಾನಿನ ಎಳೆಗರಗಸ ಕೇಳಿಕೊಂಡು ಬಂದವರನ್ನು ಎಷ್ಟು ಸಲ ಬರಿಗೈಲಿ ಕಳಿಸಿದ್ದೇವೆ! ಅದರ ಹಲ್ಲು ಸಣ್ಣ, ಉಕ್ಕು ಗಡಸು, ಬೀಟೆಯ ಗಂಟು ಸಿಕ್ಕರೆ ಹಲ್ಲು ಹಾರುತ್ತದೆ. ಮಾರಿದ್ದರೆ ಮಾರಬಹುದಿತ್ತು. ಊರ ಕುಲುಮೆಯಲ್ಲಿ ಲಾರಿಯ ಹಳೆ ಕಮಾನುಪಟ್ಟಿ ಬಡಿದು ಮಾಡಿದ ಉಳಿಯೂ, ಜಲಂಧರ್‌ನಿಂದ ಬರುವ ಮಾಲೂ ಎಂದಿನಂತೆ ಎಡಗಡೆಯ ಗೂಡಿನಲ್ಲಿದೆ. ಅದರ ಬೆಲೆ ಬದಲಾಗಿಲ್ಲ. ಕಲಿಯುವ ಹುಡುಗರು ಅದರಿಂದಲೇ ಶುರು ಮಾಡಲಿ. ಮಸೆಯಲು ಬರದವನ ಕೈಯಲ್ಲಿ ಸ್ವಿಸ್ ಉಳಿಯೂ ಒಂದು ವಾರಕ್ಕೆ ಮೊಂಡೇ.

ಬೇಡಿಕೆ ಬರೆಸುವವರು ಯುಗಾದಿಯೊಳಗೆ ಬನ್ನಿ. ಫೋನಿನಲ್ಲಿ ಹೇಳಿದರೆ ಅಳತೆ ತಪ್ಪುತ್ತದೆ, ಅನುಭವ ಆಗಿದೆ. ಬರುವಾಗ ನಿಮ್ಮ ಹತ್ತಿರ ಈಗಿರುವ ಉಳಿ ತಂದರೆ ಅದರ ಪಕ್ಕದಲ್ಲಿಟ್ಟು ನೋಡಿ ಬರೆದುಕೊಳ್ಳೋಣ. ಶನಿವಾರ ಮಧ್ಯಾಹ್ನ ಮಸೆಗಲ್ಲು ಹೊರಗಿಟ್ಟಿರುತ್ತೇವೆ. ಅದಕ್ಕೆ ಯಾವತ್ತೂ ದುಡ್ಡು ತಗೊಂಡಿಲ್ಲ, ಈಗಲೂ ಇಲ್ಲ.

ಇಂತಿ ನಿಮ್ಮ,
ಅಂಗಡಿಯವರು

ಮರೆತಿದ್ದೆವು. ದೀಪಾವಳಿಯಲ್ಲಿ ಮುಂಗಡ ವಾಪಸ್ ತಗೊಂಡು ಹೋದ ಯಜಮಾನರೇ, ನಿಮ್ಮ ಆರು ಉಳಿಯ ಸೆಟ್ ಯಾರಿಗೂ ಕೊಟ್ಟಿಲ್ಲ. ಎಣ್ಣೆ ಕಾಗದದಲ್ಲಿ ಸುತ್ತಿ ಒಳಗಿನ ಬೀರುವಿನಲ್ಲಿ ಇಟ್ಟಿದ್ದೇವೆ. ಮೊದಲು ಹೇಳಿದ ಬೆಲೆಯನ್ನೇ ಬರೆದಿದ್ದೇವೆ. ನೀವು ಬರಲಾಗದಿದ್ದರೆ ಮಗನನ್ನು ಕಳಿಸಿ.